ಲೈಬ್ರರಿಯನ್ನು ಆರಿಸುವ ಮುನ್ನ

ಕಂಪ್ಯೂಟರಿನ ತೆರೆಯ ಮೇಲೆ ಒಂದು ಗುಂಡಿಯನ್ನು ಒತ್ತುತ್ತೇವೆ. ಅದು ಒಳಕ್ಕೆ ಸರಿದಂತೆ ತೋರುತ್ತದೆ. ಆ ಗುಂಡಿಯನ್ನು ಬಿಡಿಸಿದವರಾರು? ಪ್ರೋಗ್ರಾಮನ್ನು ರಚಿಸಿದವರು ಸಾಮಾನ್ಯವಾಗಿ ಅದನ್ನು ತಾವೇ ಬಿಡಿಸಿರುವುದಿಲ್ಲ. ಕಿಟಕಿ, ಗುಂಡಿ, ಅಕ್ಷರ ಮೊದಲಾದವನ್ನು ಮೂಡಿಸುವ ಸಿದ್ಧ ಸೂಚನೆಗಳ ಭಂಡಾರವೊಂದು ಅವರ ನೆರವಿಗಿರುತ್ತದೆ. ಇದಕ್ಕೆ ಲೈಬ್ರರಿ ಎಂದು ಹೆಸರು. ಇದು ಮನೆಯ ತಳಹದಿಯಂತೆ; ಗೋಡೆಯೆದ್ದ ಮೇಲೆ ಬದಲಾಯಿಸುವುದು ಬಹು ಕಷ್ಟ. ಆದುದರಿಂದ ಆರಿಸುವ ಮುನ್ನವೇ ಮೂರು ಪ್ರಶ್ನೆಗಳನ್ನು ವಿಚಾರಿಸೋಣ.

ಮೊದಲನೆಯದು, ಚಿತ್ರಿಸುವ ಹೊಣೆ ಯಾರದು ಎಂಬುದು. ನಾರ್ವೆಯಲ್ಲಿ ಹುಟ್ಟಿ ೧೯೯೫ರಲ್ಲಿ ಬೆಳಕಿಗೆ ಬಂದ 'ಕ್ಯೂಟ್' ಲೈಬ್ರರಿಯು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿದ್ದು, ಗುಂಡಿಗಳನ್ನು ಬಹುಮಟ್ಟಿಗೆ ತಾನೇ ಬಿಡಿಸುತ್ತದೆ. ೨೦೧೩ರಲ್ಲಿ ಆರಂಭವಾದ 'ಎಲೆಕ್ಟ್ರಾನ್' ಆದರೋ ಕ್ರೋಮಿಯಮ್ ಎಂಬ ಬ್ರೌಸರನ್ನೇ ಪ್ರತಿಯೊಂದು ಪ್ರೋಗ್ರಾಮಿನೊಡನೆಯೂ ಕಟ್ಟಿಕೊಡುತ್ತದೆ. ಜಾಲಪುಟ ರಚಿಸಬಲ್ಲವರಿಗೆ ಇದು ಸುಲಭಮಾರ್ಗ; ವಿಂಡೋಸ್, ಮ್ಯಾಕ್, ಲಿನಕ್ಸ್‌ಗಳಲ್ಲಿ ರೂಪವೂ ಒಂದೇ. ಆದರೆ ನಾಲ್ಕು ಸಾಲಿನ ಟಿಪ್ಪಣಿ ಬರೆಯುವ ಪ್ರೋಗ್ರಾಮು ಕೂಡ ನೂರು ಮೆಗಾಬೈಟನ್ನು ಮೀರುತ್ತದೆ. 'ಟೌರಿ' ಎಂಬುದು ಕಂಪ್ಯೂಟರಿನಲ್ಲಿ ಮೊದಲೇ ಇರುವ ಬ್ರೌಸರ್ ಭಾಗವನ್ನು ಬಳಸಿ ಈ ಹೊರೆಯನ್ನು ಇಳಿಸುತ್ತದೆ. ಆ ಭಾಗವು ಎಲ್ಲೆಡೆಯೂ ಒಂದೇ ಅಲ್ಲವಾದುದರಿಂದ ಮೂರು ಕಡೆಯೂ ಪರೀಕ್ಷೆ ಅಗತ್ಯ.

ಎರಡನೆಯದು ಲಿಪಿಯ ಪ್ರಶ್ನೆ. 'ಕ್ಷ' ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಅದು ಕಕಾರ, ಹಲಂತಚಿಹ್ನೆ, ಷಕಾರ ಎಂಬ ಮೂರು ಸಂಕೇತ. ಇವನ್ನು ಬೆಸೆದು ಒಂದು ರೂಪವನ್ನು ಕೊಡುವ ಕಾರ್ಯ 'ಹಾರ್ಫ್‌ಬಜ್' ಎಂಬ ಇನ್ನೊಂದು ಲೈಬ್ರರಿಯದು. ಕ್ಯೂಟ್, ಜಿಟಿಕೆ, ಕ್ರೋಮಿಯಮ್ ಈ ಮೂರೂ ಇದನ್ನು ಆಶ್ರಯಿಸಿವೆ. ಇಂತಹ ಏರ್ಪಾಡಿಲ್ಲದ ಲೈಬ್ರರಿಯಲ್ಲಿ 'ಕ್ಷೀರ' ಎಂದು ಬರೆದರೆ ಒಡೆದ ಹಾಲೇ ದೊರೆಯುವುದು!

ಮೂರನೆಯದು ಪರವಾನಗಿ. ೧೯೯೬ರಲ್ಲಿ ಆರಂಭವಾದ ಕೆಡಿಇ ಯೋಜನೆಯು ಕ್ಯೂಟನ್ನು ಆಧರಿಸಿತು. ಆಗ ಕ್ಯೂಟನ್ನು ತಿದ್ದಿ ಹಂಚುವ ಪೂರ್ಣ ಸ್ವಾತಂತ್ರ್ಯ ಇರಲಿಲ್ಲ. ಇದಕ್ಕೊಪ್ಪದವರು ೧೯೯೭ರಲ್ಲಿ ಜಿಟಿಕೆಯ ಮೇಲೆ 'ಗ್ನೋಮ್' ಯೋಜನೆಯನ್ನು ಕಟ್ಟತೊಡಗಿದರು. ೨೦೦೦ದಲ್ಲಿ ಕ್ಯೂಟ್ ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿಯೂ ದೊರೆಯಿತು. ಅಷ್ಟರಲ್ಲಿ ದಾರಿ ಕವಲೊಡೆದಿತ್ತು. ಇಂದಿಗೂ ಆ ಎರಡು ದಾರಿಗಳು ಕೂಡಿಲ್ಲ. ಸೂಚನೆಗಳಲ್ಲಿನ ದೋಷವನ್ನು ತಿದ್ದಬಹುದು. ಪರವಾನಗಿಯನ್ನು ತಿದ್ದುವ ಅಧಿಕಾರ ನಮ್ಮ ಕೈಯಲ್ಲಿಲ್ಲ.

ಹಾಗಾದರೆ ಉತ್ತಮವಾದುದು ಯಾವುದು? ಕೀರ್ತಿಯನ್ನು ನಂಬಿ ನಿರ್ಣಯಿಸುವುದಕ್ಕಿಂತ ಪ್ರಯೋಗವೇ ಮೇಲು. ಒಂದು ಕಿಟಕಿ, ಒಂದು ಗುಂಡಿ, ಒತ್ತಕ್ಷರಗಳುಳ್ಳ ಒಂದು ಕನ್ನಡ ವಾಕ್ಯ, ಇಷ್ಟನ್ನು ಎರಡು ಲೈಬ್ರರಿಗಳಲ್ಲಿ ರಚಿಸಿ, ನಮಗೆ ದೊರೆಯುವ ಅತ್ಯಂತ ಹಳೆಯ ಕಂಪ್ಯೂಟರಿನಲ್ಲಿ ನಡೆಸಿ ನೋಡೋಣ. ಕಣ್ಣು ಕಾಣದವರಿಗೆ ತೆರೆಯನ್ನು ಓದಿ ಹೇಳುವ ತಂತ್ರಾಂಶವು ಆ ಗುಂಡಿಯ ಹೆಸರನ್ನು ಉಚ್ಚರಿಸುವುದೇ ಎಂದು ಕಿವಿಗೊಟ್ಟು ಕೇಳೋಣ. ಎರಡು ದಿನದ ಈ ಶ್ರಮವು ಮುಂದಿನ ಎರಡು ವರ್ಷಗಳ ಪಶ್ಚಾತ್ತಾಪವನ್ನು ತಪ್ಪಿಸೀತು.