ಸೇಬಿನ ತಳಿಗಳು: ಹೆಸರಾದವು ಮತ್ತು ವಿರಳವಾದವು

ಸೇಬಿನ ಬೀಜವನ್ನು ಬಿತ್ತಿದರೆ ತಾಯಿಮರದಂತಹ ಹಣ್ಣು ದೊರೆಯುವುದಿಲ್ಲ. ಸಾಮಾನ್ಯವಾಗಿ ಒಂದು ತಳಿಯ ಹೂವಿಗೆ ಮತ್ತೊಂದು ತಳಿಯ ಪರಾಗವು ಸೇರಿಯೇ ಕಾಯಿ ಕಟ್ಟುವುದರಿಂದ, ಬೀಜದಿಂದ ಎದ್ದ ಸಸಿಗಳು ಒಂದೊಂದೂ ಬೇರೆ ಬೇರೆ ಗುಣವುಳ್ಳವಾಗಿರುತ್ತವೆ. ಆದಕಾರಣ ಒಳ್ಳೆಯ ತಳಿಯನ್ನು ಕಸಿಯಿಂದಲೇ ಉಳಿಸಿಕೊಳ್ಳತಕ್ಕದ್ದು. ಕಸಿಮಾಡುವವರಿಲ್ಲದೆ ಹೋದರೆ ಕಡೆಯ ಮರದೊಡನೆ ಆ ತಳಿಯೂ ನಾಶವಾಗುವುದು.

ಮೂಲಸ್ಥಾನ. — ಸೇಬಿನ ಮೂಲವು ಮಧ್ಯ ಏಷ್ಯದ ತಿಯೆನ್‌ಶಾನ್ ಪರ್ವತಗಳ ಕಾಡುಸೇಬು. ರಷ್ಯದ ಸಸ್ಯಶಾಸ್ತ್ರಜ್ಞರಾದ ವಾವಿಲೋವರು 1929ನೆಯ ಇಸವಿಯಲ್ಲಿ ಆಲ್ಮಾಟಿಯ ಸುತ್ತಲಿನ ಈ ಕಾಡುಗಳನ್ನು ನೋಡಿ ಇದನ್ನು ಗುರುತಿಸಿದರು.

ಹೆಸರಾದ ತಳಿಗಳು. — ರೆಡ್ ಡೆಲಿಷಸ್ ಎಂಬುದು ಅಮೆರಿಕದ ಅಯೋವ ಪ್ರಾಂತದಲ್ಲಿ ಜೆಸ್ಸಿ ಹಯಟ್ ಎಂಬ ರೈತನ ತೋಟದಲ್ಲಿ ತಾನಾಗಿ ಹುಟ್ಟಿದ ಸಸಿಯಿಂದ ಬಂದುದು. ಸಾಮ್ಯುಯಲ್ ಸ್ಟೋಕ್ಸರು 1916ರ ಸುಮಾರಿಗೆ ಇದನ್ನು ಸಿಮ್ಲಾ ಬೆಟ್ಟಗಳ ಕೋಟಗಢದಲ್ಲಿ ನೆಡಿಸಿದರು. ಅಲ್ಲಿಂದ ಆ ಸೀಮೆಯ ಬೇಸಾಯದ ರೀತಿಯೇ ಬದಲಾಯಿತು. ಹಸಿರು ಬಣ್ಣದ ಗ್ರ್ಯಾನಿ ಸ್ಮಿತ್ ತಳಿಯೂ ಆಸ್ಟ್ರೇಲಿಯದ ಸಿಡ್ನಿಯ ಬಳಿ ಹೀಗೆಯೇ ತಾನಾಗಿ ಹುಟ್ಟಿತು.

ವಿರಳವಾದ ತಳಿ. — ಕಾಶ್ಮೀರದ ಅಂಬರಿಯು ಆ ನಾಡಿನದೇ ಆದ ಸೇಬು. ಕೆಂಪು ಗೀರುಗಳುಳ್ಳ ಈ ಹಣ್ಣು ಸುವಾಸನೆಗೆ ಹೆಸರಾದುದು. ಬಹುಕಾಲ ಕೆಡದೆ ಇರುವುದು. ಆದರೆ ಮರವು ಫಲಕ್ಕೆ ಬರುವುದು ತಡವಾಗಿ. ಒಂದು ವರ್ಷ ಹೆಚ್ಚು ಬಿಟ್ಟರೆ ಮರುವರ್ಷ ಕಡಮೆ. ಬೇಗ ಹಣ ಕೊಡುವ ಡೆಲಿಷಸ್ ಬಂದಮೇಲೆ ಅಂಬರಿಯ ತೋಟಗಳು ಕ್ಷೀಣಿಸಿದವು. ಶೋಧಕರು ಇವೆರಡನ್ನೂ ಕೂಡಿಸಿ ಲಾಲ್ ಅಂಬರಿ ಎಂಬ ತಳಿಯನ್ನು ಪಡೆದಿರುವರು. ಹಳೆಯ ಮರಗಳು ಉಳಿದಿದ್ದುದರಿಂದಲೇ ಇದು ಸಾಧ್ಯವಾಯಿತು.

ಒಂದೇ ತಳಿಯ ಅಪಾಯ. — 1973ರಲ್ಲಿ ಕಾಶ್ಮೀರದಲ್ಲಿ ಸ್ಕ್ಯಾಬ್ ಎಂಬ ಶಿಲೀಂಧ್ರರೋಗವು ಹಬ್ಬಿ, ಎಲೆ ಹಣ್ಣುಗಳ ಮೇಲೆ ಕಪ್ಪು ಮಚ್ಚೆಗಳೆದ್ದು, ಫಸಲು ಅಪಾರವಾಗಿ ಕೆಟ್ಟಿತು. ಡೆಲಿಷಸ್ ಈ ರೋಗಕ್ಕೆ ಸುಲಭವಾಗಿ ತುತ್ತಾಗುವ ತಳಿ. ಇಂತಹ ಒಂದೇ ತಳಿಯು ತೋಟದಿಂದ ತೋಟಕ್ಕೆ ಒತ್ತಾಗಿ ಬೆಳೆದಿರುವಲ್ಲಿ ರೋಗಕ್ಕೆ ತಡೆಯೇ ಇರುವುದಿಲ್ಲ.

ನಮ್ಮ ಸೀಮೆಯಲ್ಲಿ. — ಹಿಂದೆ ಬೆಂಗಳೂರಿನ ಸುತ್ತಮುತ್ತ ರೋಮ್ ಬ್ಯೂಟಿ ಎಂಬ ತಳಿಯನ್ನು ಬೆಳೆಯುತ್ತಿದ್ದರು. ಡೆಲಿಷಸ್ ತಳಿಗೆ ಚಳಿಗಾಲದಲ್ಲಿ 7 ಡಿಗ್ರಿ ಸೆಂಟಿಗ್ರೇಡಿಗಿಂತ ಕಡಮೆಯ ಶೈತ್ಯವು ಸುಮಾರು 1000 ಗಂಟೆಗಳಷ್ಟು ಬೇಕು. ಇದು ನಮ್ಮಲ್ಲಿ ದೊರೆಯದು. ಅಲ್ಪ ಚಳಿಯೇ ಸಾಕಾಗುವ ತಳಿಗಳೆಂದರೆ ಇಸ್ರೇಲಿನ ಅನ್ನಾ, ಬಹಾಮ ದ್ವೀಪದ ಡಾರ್ಸೆಟ್ ಗೋಲ್ಡನ್, ಮತ್ತು ಹಿಮಾಚಲದ ಬಿಲಾಸಪುರ ಜಿಲ್ಲೆಯ ಹರಿಮನ್ ಶರ್ಮ ಎಂಬ ರೈತರು ಆರಿಸಿದ ಎಚ್‌.ಆರ್‌.ಎಂ.ಎನ್‌. 99. ಈ ಕಡೆಯ ತಳಿಯನ್ನು ಕರ್ನಾಟಕದಲ್ಲಿಯೂ ನೆಟ್ಟಿರುವರು.

ಜಮೀನುದಾರರು ಗಮನಿಸತಕ್ಕ ಅಂಶಗಳು. —

1. ಹೆಸರನ್ನು ಕೇಳಿದಮಾತ್ರಕ್ಕೆ ಸಸಿ ಕೊಳ್ಳಬಾರದು. ಯಾವ ತಳಿಯ ಕಸಿಯೆಂಬುದನ್ನೂ, ತಾಯಿಮರವು ಎಲ್ಲಿ ಫಲಕೊಡುತ್ತಿದೆಯೆಂಬುದನ್ನೂ ವಿಚಾರಿಸತಕ್ಕದ್ದು.

2. ಮೊದಲು ಹತ್ತಾರು ಗಿಡಗಳನ್ನು ಮಾತ್ರ ನೆಟ್ಟು, ಕೆಲವು ವರ್ಷಗಳ ಫಸಲನ್ನು ನೋಡಿ ವಿಸ್ತರಿಸಬೇಕು. ಇರುವ ತೋಟವನ್ನು ಕಡಿದು ಸೇಬಿಗೆ ಎಡೆಮಾಡುವುದು ವಿವೇಕವಲ್ಲ.

3. ಏಕಕಾಲದಲ್ಲಿ ಹೂಬಿಡುವ ಎರಡು ತಳಿಗಳನ್ನು ಜೊತೆಯಲ್ಲಿ ನೆಡತಕ್ಕದ್ದು. ಅನ್ನಾ ತಳಿಗೆ ಡಾರ್ಸೆಟ್ ಗೋಲ್ಡನ್ ಒಳ್ಳೆಯ ಜೊತೆ.

4. ಮಾವಾಗಲಿ, ಹಲಸಾಗಲಿ, ಊರಿನಲ್ಲಿ ರುಚಿಗೆ ಹೆಸರಾದ ಹಳೆಯ ಮರವನ್ನು ಕಡಿಯುವ ಮುನ್ನ ಅದರ ಕಡ್ಡಿಯಿಂದ ಎರಡು ಮೂರು ಕಸಿಗಿಡಗಳನ್ನಾದರೂ ಮಾಡಿಸಿಡಬೇಕು. ಗ್ರಾಮದ ಪ್ರಮುಖರು ಇಂತಹ ಮರಗಳ ಪಟ್ಟಿಯೊಂದನ್ನು ಬರೆದಿಟ್ಟರೆ ಮುಂದಿನವರಿಗೆ ಮಹೋಪಕಾರವಾಗುವುದು. ಕಡಿದ ಮರದ ಸೌದೆಯು ಒಂದು ವರ್ಷಕ್ಕೆ. ಕಳೆದುಹೋದ ತಳಿಯಾದರೋ ಮರಳಿ ಬಾರದು.