ಮೇಜಿನ ಮೇಲೆ ಪಾವಿಯಾ ಕದನ: ಪುಟ್ಟ ಸೈನಿಕರೊಂದಿಗೆ 1525ಕ್ಕೆ

1525ರ ಫೆಬ್ರುವರಿ 24ರ ಮುಂಜಾನೆ. ಉತ್ತರ ಇಟಲಿಯ ಪಾವಿಯಾ ನಗರದ ಹೊರಗಿದ್ದ, ಸುತ್ತಲೂ ಗೋಡೆ ಕಟ್ಟಿದ ಬೇಟೆವನದ ಮೇಲೆ ಮಂಜು ಕವಿದಿತ್ತು. ಅದರೊಳಗೆ ಫ್ರಾನ್ಸಿನ ದೊರೆ ಒಂದನೇ ಫ್ರಾನ್ಸಿಸ್‌ನ ಸೇನೆಯೂ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸೇನೆಯೂ ಕೈಕೈ ಮಿಲಾಯಿಸಿದವು. ಕೆಲವೇ ಗಂಟೆಗಳಲ್ಲಿ ಫ್ರೆಂಚ್ ಸೇನೆ ನುಚ್ಚುನೂರಾಯಿತು, ದೊರೆಯೇ ಸೆರೆಸಿಕ್ಕಿದ.

ಉಕ್ಕಿನ ಕವಚ ತೊಟ್ಟ ಕುದುರೆ ಸವಾರರನ್ನು ಕೋವಿ ಹಿಡಿದ ಕಾಲಾಳುಗಳು ನೆಲಕ್ಕುರುಳಿಸಿದ ಕದನವಿದು. ಗೊಂಬೆ ಸೈನಿಕರನ್ನು ನಿಲ್ಲಿಸಿ, ದಾಳ ಉರುಳಿಸಿ ಆಡುವ ವಾರ್‌ಗೇಮ್‌ಗೆ ಹೇಳಿ ಮಾಡಿಸಿದಂತಿದೆ. ಹೊಸಬರೂ ಹೀಗೆ ಹಂತ ಹಂತವಾಗಿ ಸಿದ್ಧಪಡಿಸಿಕೊಳ್ಳಬಹುದು.

1. ಮೊದಲು ಕದನವನ್ನು ಅರಿಯಿರಿ

ಗೊಂಬೆ ಕೊಳ್ಳುವ ಮೊದಲು ಯಾರಿಗೆ ಏನು ಬೇಕಿತ್ತು ಎಂಬುದನ್ನು ತಿಳಿದುಕೊಳ್ಳಬೇಕು. 1524ರ ಅಕ್ಟೋಬರ್ ಕೊನೆಯಿಂದ ಫ್ರೆಂಚರು ಪಾವಿಯಾಕ್ಕೆ ಮುತ್ತಿಗೆ ಹಾಕಿದ್ದರು. ಒಳಗೆ ಅಂತೋನಿಯೊ ದೆ ಲೇವಾ ನಗರವನ್ನು ಕಾಯುತ್ತಿದ್ದ. ಅವನನ್ನು ಬಿಡಿಸಲು ಬಂದ ಚಕ್ರವರ್ತಿಯ ಸೇನೆಗೆ ಲನ್ವಾ, ಪೆಸ್ಕಾರಾ ಮತ್ತು ಬೂರ್ಬನ್ ನಾಯಕರು. ಆದರೆ ಸೈನಿಕರಿಗೆ ಸಂಬಳ ಕೊಡಲು ಅವರ ಬಳಿ ಹಣವಿರಲಿಲ್ಲ. ಇನ್ನಷ್ಟು ದಿನ ಕಾದಿದ್ದರೆ ದಂಡೇ ಚದುರಿಹೋಗುತ್ತಿತ್ತು.

ಆಟದ ಗೆಲುವು ಸೋಲನ್ನು ಇದರಿಂದಲೇ ನಿರ್ಧರಿಸಿ. ಚಕ್ರವರ್ತಿಯ ಕಡೆಯವರು ಹತ್ತು ಸುತ್ತುಗಳೊಳಗೆ ದೊರೆಯನ್ನು ಹಿಡಿಯಬೇಕು, ಇಲ್ಲವೇ ಫ್ರೆಂಚರನ್ನು ಚದುರಿಸಬೇಕು. ಫ್ರೆಂಚರು ಅಷ್ಟು ಹೊತ್ತು ಕುಸಿಯದೆ ನಿಂತರೆ ಸಾಕು, ಗೆದ್ದಂತೆ.

2. ಅಳತೆ ಗೊತ್ತುಮಾಡಿ

ಹವ್ಯಾಸಿಗಳಲ್ಲಿ 28 ಮಿಲಿಮೀಟರ್ ಮತ್ತು 15 ಮಿಲಿಮೀಟರ್ ಗೊಂಬೆಗಳು ಹೆಚ್ಚು ಬಳಕೆಯಲ್ಲಿವೆ. ದೊಡ್ಡವು ನೋಡಲು ಚೆಂದ, ಚಿಕ್ಕವು ಜೇಬಿಗೂ ಮೇಜಿಗೂ ಹಗುರ. ಪಾವಿಯಾದಲ್ಲಿ ಒಂದೊಂದು ಕಡೆಯೂ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿದ್ದರು. ಮೂರು ನಾಲ್ಕು ಗೊಂಬೆಗಳನ್ನು ಅಂಟಿಸಿದ ಒಂದು ತಳಹಲಗೆಗೆ 500 ಸೈನಿಕರೆಂದು ಲೆಕ್ಕ ಹಿಡಿದರೆ ಪ್ರತಿ ಕಡೆಗೆ ನಲವತ್ತಕ್ಕೂ ಹೆಚ್ಚು ಹಲಗೆಗಳು ಬೇಕು. ಮೊದಲ ಆಟಕ್ಕೆ ರಟ್ಟಿನ ತುಂಡುಗಳ ಮೇಲೆ ಹೆಸರು ಬರೆದುಕೊಂಡರೂ ಆದೀತು.

3. ನೆಲ ಸಿದ್ಧಪಡಿಸಿ

ಆರಡಿ ಉದ್ದ, ನಾಲ್ಕಡಿ ಅಗಲದ ಮೇಜಿಗೆ ಹಸಿರು ಬಟ್ಟೆ ಹೊದಿಸಿ. ಉತ್ತರದ ಅಂಚಿಗೆ ವನದ ಗೋಡೆ, ನಡುವೆ ಮಿರಾಬೆಲ್ಲೊ ಬೇಟೆಮನೆ, ವನದೊಳಗೆ ಹರಿಯುವ ವೆರ್ನಾವೊಲಾ ಹಳ್ಳ, ದಕ್ಷಿಣದ ಅಂಚಿಗೆ ನಗರ. ಗೋಡೆಗೆ ಥರ್ಮೋಕೋಲ್ ಸಾಕು: ಬಾಲ್‌ಪೆನ್ನಿನಿಂದ ಇಟ್ಟಿಗೆಯ ಗೆರೆ ಒತ್ತಿ, ನೀರು ಬೆರೆಸಿದ ಫೆವಿಕಾಲ್ ಬಳಿದು ಒಣಗಿಸಿ, ಆಮೇಲೆ ಬಣ್ಣ ಹಚ್ಚಿ. ಸ್ಪ್ರೇ ಬಣ್ಣ ಥರ್ಮೋಕೋಲನ್ನು ಕರಗಿಸುವುದರಿಂದ ಕುಂಚವೇ ಲೇಸು. ಪೊದೆ, ಮರಗಳ ಗುಂಪುಗಳನ್ನು ಧಾರಾಳವಾಗಿ ಇಡಿ. ಕೋವಿಯವರಿಗೆ ಅವೇ ರಕ್ಷಣೆ.

ಚಕ್ರವರ್ತಿಯ ಸೈನಿಕರು ರಾತ್ರಿಯಿಡೀ ಗೋಡೆ ಒಡೆದು ಒಳನುಗ್ಗಿದ್ದರು. ಆದ್ದರಿಂದ ಉತ್ತರದ ಗೋಡೆಯಲ್ಲಿ ಕಂಡಿ ಬಿಟ್ಟು, ಅವರ ದಂಡನ್ನು ಅಲ್ಲಿಂದಲೇ ಮೇಜಿಗಿಳಿಸಿ.

4. ಸೈನಿಕರಿಗೆ ಬಣ್ಣ

ಆ ಕಾಲದ ಸೈನಿಕರಿಗೆ ಸಮವಸ್ತ್ರವಿರಲಿಲ್ಲ. ಜರ್ಮನ್ ಬಾಡಿಗೆ ಸೈನಿಕರಾದ ಲಾಂಡ್ಸ್‌ಕ್ನೆಖ್ಟ್‌ಗಳು ಉಬ್ಬಿದ ತೋಳುಗಳನ್ನು ಸೀಳಿಸಿ, ಒಳಬಟ್ಟೆಯ ಬಣ್ಣ ಕಾಣುವಂತೆ ತೊಡುತ್ತಿದ್ದರು. ಮೊದಲು ಪ್ರೈಮರ್, ಅದರ ಮೇಲೆ ಗಾಢ ಬಣ್ಣ, ಸೀಳಿನ ಜಾಗದಲ್ಲಿ ತೆಳು ಕುಂಚದಿಂದ ಹಳದಿ ಅಥವಾ ಬಿಳಿ ಗೆರೆ ಎಳೆದರೆ ಆ ಸೊಗಸು ಬರುತ್ತದೆ. ಕತ್ತಲಲ್ಲಿ ತಮ್ಮವರ ಗುರುತು ಹಿಡಿಯಲು ಚಕ್ರವರ್ತಿಯ ಸೈನಿಕರು ಮೇಲೆ ಬಿಳಿ ಅಂಗಿ ತೊಟ್ಟಿದ್ದರು. ಕೆಲವು ಗೊಂಬೆಗಳಿಗಾದರೂ ಅದನ್ನು ಬಳಿಯಿರಿ. ಫ್ರೆಂಚರ ಗುರುತು ಬಿಳಿ ಶಿಲುಬೆ.

ಉದ್ದ ಭರ್ಜಿ ಸುಮಾರು ಐದು ಮೀಟರ್ ಇರುತ್ತಿತ್ತು. 28 ಮಿಲಿಮೀಟರ್ ಗೊಂಬೆಗೆ ಎಂಟು ಸೆಂಟಿಮೀಟರ್‌ನಷ್ಟು ಉಕ್ಕಿನ ತಂತಿ ಹೊಂದುತ್ತದೆ. ತುದಿ ಚುಚ್ಚದಂತೆ ಉಜ್ಜಿ.

5. ಕದನಕ್ಕೆ ತಕ್ಕ ನಿಯಮಗಳು

'ಪೈಕ್ ಅಂಡ್ ಶಾಟ್'ನಂಥ ಸಿದ್ಧ ನಿಯಮ ಪುಸ್ತಕಗಳಿವೆ. ಯಾವುದನ್ನೇ ಬಳಸಿದರೂ ಪಾವಿಯಾಕ್ಕಾಗಿ ಮೂರು ನಿಯಮ ಸೇರಿಸಿ.

ಮಂಜು: ಮೊದಲ ನಾಲ್ಕು ಸುತ್ತು ಹನ್ನೆರಡು ಅಂಗುಲದಾಚೆ ಯಾರಿಗೂ ಏನೂ ಕಾಣದು.

ಫಿರಂಗಿ: ಮುಂದೆ ತಮ್ಮವರೇ ಅಡ್ಡ ಬಂದರೆ ಗುಂಡು ಹಾರಿಸುವಂತಿಲ್ಲ. ಫ್ರಾನ್ಸಿಸ್ ತನ್ನ ಸವಾರರೊಂದಿಗೆ ಮುನ್ನುಗ್ಗಿದಾಗ, ಅಷ್ಟು ಹೊತ್ತು ಶತ್ರುವನ್ನು ಕಾಡುತ್ತಿದ್ದ ಅವನ ಫಿರಂಗಿಗಳೇ ಮೌನವಾಗಬೇಕಾಯಿತು.

ತಡ: ಫ್ರೆಂಚ್ ಸೇನೆ ಮುತ್ತಿಗೆಯ ಸಾಲುಗಳುದ್ದಕ್ಕೂ ಹರಡಿಕೊಂಡಿತ್ತು. ಅದರಲ್ಲಿದ್ದ ಸ್ವಿಸ್ ಬಾಡಿಗೆ ಪಡೆ ಕದಲಬೇಕಾದರೆ ದಾಳದಲ್ಲಿ ಐದು ಅಥವಾ ಆರು ಬೀಳಬೇಕು.

ಇವಿಷ್ಟಿದ್ದರೆ ಫ್ರಾನ್ಸಿಸ್‌ನ ಇಕ್ಕಟ್ಟು ಆಟಗಾರನದೂ ಆಗುತ್ತದೆ: ಸವಾರರನ್ನು ಈಗಲೇ ನುಗ್ಗಿಸಬೇಕೋ, ಫಿರಂಗಿಗಳು ತಮ್ಮ ಕೆಲಸ ಮುಗಿಸಲೆಂದು ಕಾಯಬೇಕೋ? ಇತಿಹಾಸದ ಫಲಿತಾಂಶವೇ ಮರುಕಳಿಸಬೇಕೆಂದಿಲ್ಲ. ಅಂದಿನ ನಿರ್ಧಾರದ ಕಷ್ಟ ಆಟಗಾರನಿಗೆ ತಟ್ಟಿದರೆ ಆಟ ಸಾರ್ಥಕ.

6. ಆಡಿದ ಮೇಲೆ

ಯಾವ ಸುತ್ತಿನಲ್ಲಿ ಆಟ ಇತಿಹಾಸದ ದಾರಿ ಬಿಟ್ಟಿತು ಎಂದು ಬರೆದಿಡಿ, ನಿಯಮಗಳನ್ನು ತಿದ್ದಿ, ಕಡೆ ಬದಲಿಸಿ ಮತ್ತೆ ಆಡಿ. ನೇಪಲ್ಸ್‌ನ ಕಾಪೊದಿಮೊಂತೆ ಸಂಗ್ರಹಾಲಯದಲ್ಲಿ ಈ ಕದನವನ್ನು ನೇಯ್ದ ಏಳು ದೊಡ್ಡ ಚಿತ್ರಪಟಗಳಿವೆ. ಉಡುಪು, ಬಾವುಟ, ಆಯುಧಗಳನ್ನು ತಾಳೆ ನೋಡಲು ಅವುಗಳ ಚಿತ್ರಗಳು ತುಂಬ ನೆರವಾಗುತ್ತವೆ.

ಇದೇ ಕಾಲದ ಕೋವಿಗಳು ನಮ್ಮ ನೆಲದಲ್ಲೂ ಸದ್ದು ಮಾಡಿವೆ. 1520ರ ರಾಯಚೂರು ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪರವಾಗಿ ಪೋರ್ಚುಗೀಸ್ ಕೋವಿಕಾರರು ಕೋಟೆ ಗೋಡೆಯ ಮೇಲಿದ್ದವರತ್ತ ಗುಂಡು ಹಾರಿಸಿದ್ದನ್ನು ಪ್ರವಾಸಿ ನೂನಿಜ್ ದಾಖಲಿಸಿದ್ದಾನೆ. ಪಾವಿಯಾದಲ್ಲಿ ಕೈ ಪಳಗಿಸಿಕೊಂಡ ಕನ್ನಡದ ಹವ್ಯಾಸಿಗಳು ಮುಂದಿನ ಸಲ ಮೇಜಿನ ಮೇಲೆ ರಾಯಚೂರು ಕೋಟೆಯನ್ನು ಕಟ್ಟಲಿ.