ಮಲಗಿದವಳಿಗೂ ಪಾಲಿದೆ

ಮಗಳೇ,

ಊರವರೆಲ್ಲ ಗುಡ್ಡ ಕುಸಿದು ಬಿದ್ದ ಹೂಳು ತೆಗೆಯಲು ಗುದ್ದಲಿ ಹಿಡಿದು ಗದ್ದೆಗಿಳಿದಿರುವಾಗ ನೀನೊಬ್ಬಳು ಹಾಡುಹಗಲೇ ಮಲಗಿರುತ್ತೀ ಎಂದು ಯಾರೋ ಆಡಿದರಂತೆ. ಆ ಮಾತು ನಿನ್ನನ್ನು ಕೊರೆಯುತ್ತಿದೆ ಎಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಅವರ ಬಾಯಿ ಮುಚ್ಚಿಸಲೆಂದೇ ನೀನು ಮರುದಿನ ಮಣ್ಣಿನ ಬುಟ್ಟಿ ಹೊತ್ತೆಯಂತೆ, ಆಮೇಲೆ ವಾರಗಟ್ಟಲೆ ಹಾಸಿಗೆ ಬಿಟ್ಟೇಳಲಿಲ್ಲವಂತೆ. ಕೇಳಿ ಹೊಟ್ಟೆ ಉರಿಯಿತು. ಆರೋಗ್ಯ ಇಲಾಖೆಯಲ್ಲಿ ಸಹಾಯಕಿಯಾಗಿ ಆಯುಷ್ಯವೆಲ್ಲ ದುಡಿದವಳು ನಾನು, ಮೇಲಾಗಿ ನಿನ್ನ ದೊಡ್ಡಮ್ಮ. ಆ ಸಲಿಗೆಯಿಂದ ಹೇಳುತ್ತೇನೆ, ಕೇಳು.

ಜ್ವರ ಬಿಟ್ಟು ಎಷ್ಟೋ ಕಾಲವಾದ ಮೇಲೂ ಬಿಡದ ನಿನ್ನ ಸುಸ್ತಿಗೆ ಡಾಕ್ಟರು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದಿದ್ದಾರೆ. ಇದನ್ನು ಗುರುತಿಸುವ ಲಕ್ಷಣಗಳನ್ನು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಸ್ಪಷ್ಟವಾಗಿ ಬರೆದಿಟ್ಟಿತು: ಆರು ತಿಂಗಳು ಮೀರಿದರೂ ಮೊದಲಿನಂತೆ ಬದುಕಲು ಬಿಡದ ದಣಿವು, ರಾತ್ರಿಯೆಲ್ಲ ಮಲಗಿ ಎದ್ದರೂ ಆರದ ಆಯಾಸ, ಶ್ರಮಪಟ್ಟ ಮೇಲೆ ಎಲ್ಲವೂ ಉಲ್ಬಣಿಸುವುದು. ಇವುಗಳ ಜೊತೆಗೆ ತಲೆ ಮಂಕಾಗುವುದೋ, ಎದ್ದು ನಿಂತರೆ ತಲೆಸುತ್ತು ಬರುವುದೋ ಇರುತ್ತದೆ. ನಿನ್ನಲ್ಲಿ ಎಲ್ಲವೂ ಇವೆ. ಹೌದು ಎಂದು ಹೇಳುವ ಒಂದು ರಕ್ತಪರೀಕ್ಷೆ ಇದಕ್ಕಿಲ್ಲ. ಅದಕ್ಕೇ ಜನ ನಂಬುವುದಿಲ್ಲ. ರಿಪೋರ್ಟ್ ನಾರ್ಮಲ್ ಬಂತೆಂದರೆ ಕಾಯಿಲೆಯೇ ಇಲ್ಲ ಎಂದುಕೊಳ್ಳುತ್ತಾರೆ.

ಇದರ ಅತಿ ಕೆಟ್ಟ ಗುಣ ಯಾವುದು ಗೊತ್ತೇ? ಕೆಲಸ ಮಾಡುವಾಗ ಕೆಲವೊಮ್ಮೆ ಏನೂ ಅನ್ನಿಸುವುದಿಲ್ಲ. ಹನ್ನೆರಡು ಗಂಟೆಯೋ, ಒಂದು ದಿನವೋ, ಎರಡು ದಿನವೋ ಕಳೆದ ಮೇಲೆ ಮೈ ಕುಸಿಯುತ್ತದೆ. ಕೈಸಾಲ ಪಡೆದವನ ಮನೆಗೆ ಸಾಲ ಕೊಟ್ಟವನು ಬಡ್ಡಿ ಕೇಳಲು ಬಂದ ಹಾಗೆ ಆ ಕುಸಿತ ಬರುತ್ತದೆ, ಅಸಲಿಗಿಂತ ಹೆಚ್ಚೇ ವಸೂಲು ಮಾಡುತ್ತದೆ. ನೀನು ಬುಟ್ಟಿ ಹೊತ್ತದ್ದನ್ನು ಊರು ನೋಡಿತು, ಆಮೇಲೆ ಮಲಗಿದ್ದನ್ನೂ ನೋಡಿತು. ಎರಡಕ್ಕೂ ಇರುವ ಸಂಬಂಧ ಮಾತ್ರ ಯಾರಿಗೂ ಕಾಣಲಿಲ್ಲ. 'ದಿನಾ ಸ್ವಲ್ಪ ಸ್ವಲ್ಪ ಹೆಚ್ಚು ದುಡಿ, ಮೈ ಒಗ್ಗುತ್ತದೆ' ಎಂದು ಹೇಳುವವರಿದ್ದಾರೆ. ಅವರು ನಿನ್ನ ಹಿತ ಬಯಸಿಯೇ ಹೇಳುತ್ತಾರೆ. ಆದರೂ ಆ ಮಾತು ಈ ಕಾಯಿಲೆಗೆ ಹೊಂದುವುದಿಲ್ಲ. ಸುಸ್ತಾದ ಮೇಲೆ ನಿಲ್ಲಿಸುವುದು ನಮ್ಮ ಅಭ್ಯಾಸ. ನೀನು ಇನ್ನೂ ತ್ರಾಣ ಇರುವಾಗಲೇ ನಿಲ್ಲಿಸಬೇಕು. ಇದು ಕಷ್ಟ ಎಂದು ಬಲ್ಲೆ, ಅದರಲ್ಲೂ ನಮ್ಮ ಕೊಡಗಿನ ಹೆಣ್ಣುಮಕ್ಕಳಿಗೆ.

ಈಗ ಊರಿನ ಮಾತಿಗೆ ಬರುತ್ತೇನೆ. 2018ರ ಆಗಸ್ಟ್ ನಡುವಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಮೊಣ್ಣಂಗೇರಿ ಕಡೆ ಬೆಟ್ಟಗಳೇ ಇಳಿದು ಬಂದದ್ದನ್ನು ನಾವು ಕಂಡಿದ್ದೇವೆ. ಮಡಿಕೇರಿ ಸಂಪಾಜೆ ನಡುವೆ ರಸ್ತೆ ಕುಸಿದು ಮಂಗಳೂರಿನ ದಾರಿ ಮುಚ್ಚಿತು. ಮೊದಲ ವಾರಗಳಲ್ಲಿ ನಾಲ್ಕೂ ಕಡೆಯಿಂದ ಜನ ಬಂದರು. ಅಕ್ಕಿ, ಕಂಬಳಿ, ಬಟ್ಟೆ ತುಂಬಿದ ಲಾರಿಗಳು ಬಂದವು. ಆ ಋಣ ದೊಡ್ಡದು. ಬಂದವರು ಮರಳಿ ಹೋದ ಮೇಲೆ ಉಳಿದ ಕೆಲಸದ ಉದ್ದ ತಿಳಿಯಿತು. ಕರ್ಣಂಗೇರಿ, ಮದೆನಾಡು, ಜಂಬೂರಿನಲ್ಲಿ ಹೊಸ ಮನೆಗಳು ಏಳುವ ತನಕ ಎಷ್ಟು ಸಂಸಾರಗಳು ಬಾಡಿಗೆ ಮನೆ, ನೆಂಟರ ಮನೆ ಎಂದು ದಿನ ದೂಡಿದವು! ಗದ್ದೆಗೆ ಬಂದು ಬಿದ್ದ ಹೂಳು ಒಂದೇ ಬೇಸಗೆಯಲ್ಲಿ ತೆಗೆದು ಮುಗಿಯುವಂಥದ್ದಲ್ಲ. ಕೊಚ್ಚಿಹೋದ ತೋಟದಲ್ಲಿ ಇವತ್ತು ರೊಬಸ್ಟಾ ಗಿಡ ನೆಟ್ಟರೂ ಕೈಗೆ ಹತ್ತುವ ಫಸಲು ಕಾಣಲು ನಾಲ್ಕೈದು ವರ್ಷ ಬೇಕು. ಅದರ ನೆರಳಿನ ಮರ ಬೆಳೆಯಲು ಇನ್ನೂ ಹೆಚ್ಚು. ಇದರ ನಡುವೆ ಮರುವರ್ಷದ ಆಗಸ್ಟಿನಲ್ಲಿ ವಿರಾಜಪೇಟೆ ಕಡೆ ತೋರದಲ್ಲಿ ಗುಡ್ಡ ಜಾರಿ ಮತ್ತೆ ಜೀವಗಳು ಹೋದವು.

ಇಷ್ಟು ವರ್ಷಗಳ ಕೆಲಸದಲ್ಲಿ ನಿನ್ನ ಪಾಲನ್ನು ಈ ತಿಂಗಳೇ ತೀರಿಸಬೇಕೆಂದು ಯಾರು ಹೇಳಿದರು? ಇವತ್ತು ದಿನವಿಡೀ ಮಣ್ಣು ಹೊರುವವರಿಗೂ ಒಂದು ದಿನ ಕೈ ಸೋಲುತ್ತದೆ. ಆಗಲೂ ಮಾಡಲು ಕೆಲಸ ಇದ್ದೇ ಇರುತ್ತದೆ, ಮಾಡಲು ನೀನೂ ಇರಬೇಕು.

ನಿನ್ನಿಂದ ಆಗುವುದು ಏನೆಂದು ನಿನ್ನಮ್ಮನ ಜೊತೆ ಕೂತು ನೋಡು. ಪರಿಹಾರದ ಅರ್ಜಿಗೆ ಪಹಣಿ ಬೇಕು, ಆಧಾರ್ ಬೇಕು, ಬ್ಯಾಂಕ್ ಪಾಸ್‌ಬುಕ್ ಬೇಕು, ಬಿದ್ದ ಮನೆಯ ಫೋಟೋ ಬೇಕು. ಮಳೆಯಲ್ಲಿ ಕಾಗದಪತ್ರ ಕಳೆದುಕೊಂಡ ಅಜ್ಜ ಅಜ್ಜಿಯರಿಗೆ ಇವೆಲ್ಲ ಬೆಟ್ಟಕ್ಕಿಂತ ಭಯ. ಪರಿಹಾರ ಕೇಂದ್ರದಲ್ಲಿ ನಾನಿದ್ದಾಗ ಅನ್ನ ಬಡಿಸಲು ಕೈಗಳಿಗೆ ಕೊರತೆ ಇರಲಿಲ್ಲ, ಅರ್ಜಿ ತುಂಬಿಕೊಡುವವರನ್ನು ಹುಡುಕಬೇಕಾಗಿತ್ತು. ನೀನು ಓದಿದವಳು, ಮನೆಯಲ್ಲೇ ಒರಗಿ ಕೂತು ಅದನ್ನು ಮಾಡಬಹುದು. ಆದರೆ ಮರೆಯಬೇಡ, ಬರೆಯುವುದೂ ದುಡಿಮೆಯೇ. ಬೇರೆಯವರ ದುಃಖ ಕೇಳುವುದು ಅದಕ್ಕಿಂತ ದೊಡ್ಡ ದುಡಿಮೆ. ನಿನ್ನ ಕಾಯಿಲೆ ತಲೆಯ ಕೆಲಸಕ್ಕೂ ಮನಸ್ಸಿನ ಕಲಕಾಟಕ್ಕೂ ಮೈಮುರಿಯುವ ಕೆಲಸಕ್ಕೆ ಕೇಳಿದಷ್ಟೇ ಬೆಲೆ ಕೇಳುತ್ತದೆ. ಒಂದು ಅರ್ಜಿ ಮುಗಿಸಿ ಕಣ್ಣು ಮುಚ್ಚಿ ಮಲಗು, ಫೋನು ದೂರವಿಡು. ಎರಡನೆಯದು ಮರುದಿನಕ್ಕಿರಲಿ. ಮೂರನೆಯ ದಿನ ಮೈ ಹೇಗಿದೆ ಎಂದು ಪುಸ್ತಕದಲ್ಲಿ ಎರಡು ಸಾಲು ಬರೆದಿಡು. ಎಷ್ಟು ಮಾಡಿದರೆ ತಡೆಯುತ್ತದೆ ಎಂಬುದು ಕೆಲವು ವಾರಗಳಲ್ಲಿ ನಿನಗೇ ಗೊತ್ತಾಗುತ್ತದೆ.

ತಾಲ್ಲೂಕು ಕಚೇರಿಯ ಸಾಲಿನಲ್ಲಿ ಮಾತ್ರ ನಿಲ್ಲಬೇಡ. ನಿಂತೇ ಇರುವುದು ನಿನಗೆ ನಡೆಯುವುದಕ್ಕಿಂತ ಕೆಟ್ಟದ್ದು. ನಿನ್ನಣ್ಣ ಹೋಗಲಿ, ನೀನೇ ಬರಬೇಕೆಂದು ಕಚೇರಿಯವರು ಹಟ ಹಿಡಿದರೆ ಡಾಕ್ಟರ ಚೀಟಿ ತೋರಿಸಿ ಕುರ್ಚಿ ಕೇಳು. ಕೇಳಲು ನಾಚಿಕೆ ಏಕೆ? ಗರ್ಭಿಣಿಗೆ, ಮುದುಕರಿಗೆ ಕೊಡುವುದಿಲ್ಲವೇ?

ಆಡಿಕೊಳ್ಳುವವರಿಗೆ ಉದ್ದದ ವಿವರಣೆ ಕೊಟ್ಟು ದಣಿಯಬೇಡ. 'ಇವತ್ತು ದುಡಿದರೆ ನಾಡಿದ್ದು ಬೀಳುತ್ತೇನೆ, ಕೂತು ಮಾಡುವ ಕೆಲಸವಿದ್ದರೆ ಕೊಡಿ' ಎಂದು ಹೇಳು, ಸಾಕು. ಕೆಲವರಿಗೆ ಅರ್ಥವಾಗುತ್ತದೆ. ಆಗದವರು ಮನೆ ಕಳೆದುಕೊಂಡ ಸಂಕಟದಲ್ಲಿದ್ದಾರೆ, ಅವರ ಮಾತನ್ನು ಹೊತ್ತು ತಿರುಗಬೇಡ.

ಇನ್ನೊಂದು ಮಾತು. ಎಲ್ಲ ಸುಸ್ತನ್ನೂ ಈ ಹಳೆಯ ಕಾಯಿಲೆಯ ಲೆಕ್ಕಕ್ಕೆ ಬರೆಯಬೇಡ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ, ಬಿ12 ಕೊರತೆ, ಕ್ಷಯ ಇವೆಲ್ಲವೂ ಮೈ ಸೋಲಿಸುತ್ತವೆ, ಮತ್ತು ಇವುಗಳಿಗೆ ಮದ್ದಿದೆ. ಕೆಸರಲ್ಲಿ, ನಿಂತ ನೀರಲ್ಲಿ ಓಡಾಡಿದ ಮೇಲೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಇಲಿಜ್ವರವಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮಳೆಯ ಸದ್ದಿಗೆ ಎದೆ ಹೊಡೆದುಕೊಳ್ಳುತ್ತದೆ, ಬದುಕೇ ಬೇಡವೆನ್ನಿಸುತ್ತದೆ ಎಂದಾದರೆ ಅದನ್ನೂ ಡಾಕ್ಟರಿಗೆ ಬಾಯಿಬಿಟ್ಟು ಹೇಳು. ಹಾಗೆ ಹೇಳಿದರೆ 'ಎಲ್ಲ ಮನಸ್ಸಿನದೇ' ಎಂದುಬಿಡುತ್ತಾರೆಂದು ಹೆದರಬೇಡ. ಒಬ್ಬರಿಗೇ ಎರಡು ತೊಂದರೆ ಇರಬಾರದೆಂದಿಲ್ಲ, ಎರಡಕ್ಕೂ ಆರೈಕೆ ಬೇಕು.

ಕಡೆಗೆ ಮುಂದಿನ ಮಳೆಗಾಲದ ಮಾತು. 2018ರಲ್ಲಿ ಮುಕ್ಕೋಡ್ಲು ಕಡೆಯ ಜನ ಕಾಡು ಗುಡ್ಡ ಹತ್ತಿಳಿದು ಜೀವ ಉಳಿಸಿಕೊಂಡರು. ನಿನ್ನಿಂದ ಹಾಗೆ ನಡೆಯಲಾಗದು. ಆದ್ದರಿಂದ ನೀನು ಎಲ್ಲರಿಗಿಂತ ಮೊದಲು ಹೊರಡುವವಳಾಗಬೇಕು. ಮೇ ತಿಂಗಳಲ್ಲೇ ಒಂದು ಚೀಲದಲ್ಲಿ ಮಾತ್ರೆ, ಡಾಕ್ಟರ ಚೀಟಿ, ಆಧಾರ್‌ನ ಪ್ರತಿ, ಒಂದು ಜೊತೆ ಬಟ್ಟೆ, ಟಾರ್ಚ್ ತುಂಬಿಡು. ನೆರೆಮನೆಯ ಜೀಪಿನವರಿಗೆ ಈಗಲೇ ಹೇಳಿಡು. ರೆಡ್ ಅಲರ್ಟ್ ಎಂದು ಕೇಳಿದ ಕೂಡಲೇ, ರಸ್ತೆ ತೆರೆದಿರುವಾಗಲೇ, ಮೈಸೂರಿಗೆ ನಮ್ಮ ಮನೆಗೆ ಬಂದುಬಿಡು. ಅಮ್ಮನನ್ನೂ ಕರೆತಾ. ಒಳಕೋಣೆಯನ್ನು ಖಾಲಿ ಮಾಡಿಸಿದ್ದೇನೆ, ಅಲ್ಲಿ ಬೀದಿಯ ಗದ್ದಲ ಕೇಳುವುದಿಲ್ಲ. ಎಷ್ಟು ಹೊತ್ತಿನವರೆಗೆ ಬೇಕಾದರೂ ಮಲಗಬಹುದು, ಯಾರೂ ಎಬ್ಬಿಸುವುದಿಲ್ಲ. ಅರ್ಜಿಯ ಕಾಗದಗಳೇನಾದರೂ ಉಳಿದಿದ್ದರೆ ಜೊತೆಗೆ ತಾ, ಇಬ್ಬರೂ ಕೂತು ಬರೆಯೋಣ.

ನಿನ್ನ
ದೊಡ್ಡಮ್ಮ